ಲೀಸ್

ಅಕ್ಕ ನಿಖತ್‌ಳ ಹೆಸರು ಪಟ್ಟಿಯಲ್ಲಿ ಬಂದದ್ದು
ಮಾಳಿಗೆಯ ಮೇಲೆ ಸಂಡಿಗೆ ಒಣಗುತ್ತಿದ್ದ ಮಧ್ಯಾಹ್ನ.
ನಾಳಿನ ಮುಂದಾಳುಗಳಿಗೆ ಮೂರು ವಾರದ ಬೇಸಿಗೆ ವಿನಿಮಯ.
ಇಲ್ಲಿಂದೊಬ್ಬಳು ಅಲ್ಲಿಗೆ, ಅಲ್ಲಿಂದೊಬ್ಬಳು ಇಲ್ಲಿಗೆ,
ಅಬ್ಬಾ ಬಿಡಿಸಿ ಹೇಳಿದರು.
ದಾದಿಮಾ ಎಲೆಯ ತೊಟ್ಟು ಮುರಿಯುತ್ತ
"ಹಳೀ ಸೀರಿ ಹಾಕಿ ಸ್ಟೀಲ್ ಬೋಗೋಣಿ ತಗೊಂಡಂಗ" ಅಂದಳು.
ಯಾರು ಸೀರೆ, ಯಾರು ಬೋಗೋಣಿ, ಹೇಳಲಿಲ್ಲ.

ಬದಲಿಗೆ ಬಂದವಳು ಬಂದದ್ದು ಜುಲೈಗೆ.
ಅವರ ಬೇಸಿಗೆ ಅದು. ನಮ್ಮದು ಮುಗಿದು
ಒಂಬತ್ತನೆಯ ಇಯತ್ತೆಯ ನನ್ನ ಹೊಸ ಪುಸ್ತಕಗಳು
ಆಗಲೇ ಕಿವಿ ಮಡಚಿದ್ದವು.
ಎಸ್ಟೋನಿಯಾ: ನಕಾಶೆಯ ಮೇಲೆ ಹೆಬ್ಬೆಟ್ಟಿಟ್ಟರೆ
ಪೂರ್ತಿ ಅಡಗುವ ದೇಶ. ಹೆಸರು, ಲೀಸ್.
ಗೋಳಗುಮ್ಮಟದ ಹಿಂದಿನ ನಮ್ಮ ಓಣಿಗೆ ಓಣಿಯೇ ಕೇಳಿತು:
"ತಾಂಬೋಳಿಯವರು ಲೀಸಿಗೆ ಹಾಕ್ಯಾರಂತ. ಎಷ್ಟು ಲಕ್ಷಕ್ಕ?"
ಅವಳಿಗೆ ನಾನು ಅರ್ಥ ಹೇಳಿದೆ.
ತಡವಾಗಿ ನಕ್ಕಳು, ಹಲ್ಲಿನ ತಂತಿ ಕಾಣುವಷ್ಟು.

ಅಕ್ಕನ ಹಾಸಿಗೆ ಅವಳದಾಯಿತು, ಅಕ್ಕನ ಚಹಾದ ಕಪ್ಪು,
ನಳದ ಪಾಳಿಯಲ್ಲಿ ಅಕ್ಕನ ಜಾಗವೂ.
ಆರು ದಿನಕ್ಕೊಮ್ಮೆ ನೀರು; ಎಷ್ಟು ಹೊತ್ತಿಗೆಂದು
ವಾಲ್ ತಿರುವುವ ಗುರುಪಾದನಿಗೂ ಖಾತ್ರಿಯಿಲ್ಲ.
ಅದಕ್ಕೇ ಮನುಷ್ಯರ ಬದಲು ಕಲ್ಲು ನಿಲ್ಲುತ್ತವೆ:
ಹಡಪದವರದು ಒಡೆದ ಬೀಸುಕಲ್ಲು,
ಕೊಲ್ಹಾರದವರದು ಫರಸಿಯ ತುಂಡು,
ನಮ್ಮದೊಂದು ಕೆಂಪು ಇಟ್ಟಿಗೆ.
ಅದರ ಮೇಲೆ ಲೀಸ್ ಸೀಮೆಸುಣ್ಣದಲ್ಲಿ
ತನ್ನ ಹೆಸರು ಬರೆದಳು, ನಾನು ಕಲಿಸಿದ ಕನ್ನಡ.
ದೀರ್ಘ ಹೋಗಿ ತಪ್ಪು ಅಕ್ಷರಕ್ಕೆ ಬಿದ್ದಿತ್ತು. ಯಾರೂ ತಿದ್ದಲಿಲ್ಲ.

ಅವಳ ಡೈರಿಯಲ್ಲಿ ಒಂದು ಖಾಲಿ ಪುಟ:
ಸ್ಥಳೀಯ ಮುಂದಾಳೊಬ್ಬರನ್ನು ಕಂಡು ಬರೆಯಿರಿ.
ನಗರಸೇವಕರು ಬಂದರು, ಶಾಲು ಹೊದಿಸಿದರು,
ಫೋಟೋ ಸರಿ ಬರಲಿಲ್ಲವೆಂದು ಇನ್ನೊಮ್ಮೆ ಹೊದಿಸಿದರು,
ಹೋದರು. ಅವಳು ಬರೆದದ್ದು: ಶಾಲು, ಎರಡು ಸಲ.

ಅಕ್ಕನ ಫೋನು: "ಇಲ್ಲಿ ಹತ್ತೂವರೆಯಾದ್ರೂ ಬೆಳಕು.
ಇಶಾ ನಮಾಜು ಯಾವಾಗ ಮಾಡ್ಲಿ, ಕೇಳ್ರಿ."
ಮೌಲ್ವಿಯವರು ಗಡಿಯಾರ ನೋಡಿ, ಆಕಾಶ ನೋಡಿ,
ನಾಳೆ ಹೇಳುತ್ತೇನೆಂದರು.
"ಇವತ್ತು ಕಣ್ಣಿಗೆ ಬಟ್ಟಿ ಕಟ್ಟಿ, ಹಗ್ಗ ಹಿಡಿಸಿ
ಅಡವ್ಯಾಗ ನಡೆಸಿದ್ರು. ನಂಬಿಕೆಯ ಪಾಠಂತ."

ಅದೇ ರಾತ್ರಿ ನಮ್ಮಲ್ಲಿ ಕರೆಂಟು ಹೋಗಿ
ಮೂರು ಗಂಟೆಗೆ ನೀರು ಬಂತು.
ಹಡಪದ ಶಾಂತವ್ವ ಬಾಗಿಲು ಬಾಗಿಲಿಗೆ ಹೋಗಿ
ಕದ ಬಡಿಯದೆ, ಹೆಸರು ಹಿಡಿದು ಕರೆದಳು.
ಕೂಸಿರುವ ಮನೆಯ ಮುಂದೆ ಬರೀ ಬಳೆ ಅಲುಗಿಸಿದಳು.
ಬಸುರಿಯ ಕೊಡ ಮೊದಲು, ಜಗಳಗಂಟಿಯದು ಎರಡನೆಯದು.
"ಅಕಿ ಬಾಯಿ ಮುಚ್ಚಿದ್ರ ಓಣಿ ಮಲಗತೈತಿ."
ತನ್ನ ಕೊಡ ಕಟ್ಟಕಡೆಗೆ, ನೀರು ದಾರದಷ್ಟಾದಾಗ.
ತುಂಬಿದ ಕೊಡ ಹೊತ್ತು ಲೀಸ್ ಕತ್ತಲಲ್ಲಿ ಎಡವಿದಳು.
"ಪಾನಿ ಹೋತು!" ಎಂದು ಕೂಗಿದಳು,
ದಖನಿಯೂ ಕನ್ನಡವೂ ಒಂದೇ ಉಸಿರಿನಲ್ಲಿ.
ಪಾಳಿ ಒಂದು ಹೆಜ್ಜೆ ಹಿಂದೆ ಸರಿದು
ಅವಳಿಗೆ ಇನ್ನೊಮ್ಮೆ ಜಾಗ ಬಿಟ್ಟಿತು.
ಬೆಳಗ್ಗೆ ಆ ಪುಟ ತುಂಬಿತ್ತು. ಅವಳ ಭಾಷೆಯಲ್ಲಿ,
ನಮಗೆ ಓದಲು ಬರಲಿಲ್ಲ.

ಅಕ್ಕ ಮರಳಿದಳು. ಕೊರಳಲ್ಲಿ ಪಟ್ಟಿ, ಎದೆಗೆ ಬಿಲ್ಲೆ.
ಕೊಡ ಹಿಡಿದು ಹೋಗಿ ಇಟ್ಟಿಗೆಯ ಹತ್ತಿರ ನಿಂತಳು.
"ಅದು ಲೀಸಂದು" ಅಂದಳು ಶಾಂತವ್ವ,
"ನೀ ಬ್ಯಾರೆ ಕಲ್ಲು ಹುಡುಕು, ಕಡೀಕ ಇಡು."
ಅಕ್ಕ ನನ್ನ ಕಡೆ ನೋಡಿದಳು.
ನಾನು ನಳದ ಕಡೆ.

ಬರುವ ವರ್ಷ ನನಗೂ ಅರ್ಜಿ ಹಾಕುವ ವಯಸ್ಸು.
ನಾಲ್ಕನೆಯ ಪ್ರಶ್ನೆ:
ನೀವು ಮುಂದೆ ನಿಂತು ನಡೆಸಿದ ಒಂದು ಸಂದರ್ಭ.
ನೂರೈವತ್ತು ಪದ.
ಒಂದು ಸಾಲು ಬರೆದು ಕೂತಿದ್ದೇನೆ:
ನಮ್ಮ ಓಣಿಯಲ್ಲಿ ಒಂದು ಇಟ್ಟಿಗೆಯಿದೆ.
ಹೊರಗೆ ಕತ್ತಲಲ್ಲಿ ಶಾಂತವ್ವ
ಕರೆಯುತ್ತಿದ್ದಾಳೆ. ಅಕ್ಕನ ಹೆಸರಲ್ಲ,
ನನ್ನದು.